ಹಡಿಲು ಎಂದು ಬರೆದ ನೆಲ

ಸೆಲಿನ್ ಮಥಾಯಸ್ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದ್ದನ್ನು ಕೇಳಿದವರು ಅವಳಿಗೆ ಹಿಡಿಶಾಪ ಹಾಕುವುದು ಖಂಡಿತ. ಉಡುಪಿ ಕಡೆಯ ಶಿರ್ವದವಳು. ಗಂಡ ಮೆಲ್ರಾಯ್ ಸಂಶೋಧನೆಯ ಕೆಲಸಕ್ಕೆಂದು ಜರ್ಮನಿಯ ಯೇನಾಕ್ಕೆ ಬಂದಾಗ ಅವನ ಬೆನ್ನಿಗೇ ಬಂದು, ಇಲ್ಲಿಯೇ ಇನ್ನೊಂದು ಡಿಗ್ರಿ ಮಾಡಿ, ವರ್ಷಗಟ್ಟಲೆ ಅರ್ಜಿ ಗುಜರಾಯಿಸಿ ಕೊನೆಗೊಂದು ಸಣ್ಣ ಕಂಪನಿಯಲ್ಲಿ ಕೆಲಸ ಹಿಡಿದಳು. ಉಪಗ್ರಹ ತೆಗೆದ ಚಿತ್ರ ನೋಡಿ ನಕ್ಷೆಯಲ್ಲಿ ಭೂಮಿಗೆ ಬಣ್ಣ ಹಚ್ಚುವ ಕೆಲಸ. ಕಾಡಿಗೆ ಹಸಿರು, ಹೊಲಕ್ಕೆ ಕಂದು, ಯಾರೂ ಬಳಸದೆ ಬಿಟ್ಟ ನೆಲಕ್ಕೆ ಹಳದಿ.

ಯಾವುದು ಬಿಟ್ಟ ನೆಲ ಎಂದು ಗುರುತಿಸುವ ನಿಯಮವನ್ನು ಬರೆದವಳೂ ಅವಳೇ. ಅವಳ ಊರಿನಲ್ಲಿ ಗದ್ದೆಯೊಳಗೆ ಪೊದೆ ಎದ್ದಿತೆಂದರೆ ಅರ್ಥ ಒಂದೇ: ಒಡೆಯ ಮುಂಬಯಿಗೋ ಗಲ್ಫಿಗೋ ಹೋದ, ಗದ್ದೆ ಹಡಿಲು ಬಿತ್ತು. ಕಾಲೇಜಿನ ದಿನಗಳಲ್ಲಿ ಇಗರ್ಜಿಯ ಯುವಜನರ ಜೊತೆ ಇಂಥದೊಂದು ಹಡಿಲು ಗದ್ದೆಗಿಳಿದು, ಕೆಸರಿನಲ್ಲಿ ಹೂತು ಏಳುತ್ತ ಭತ್ತದ ನೇಜಿ ನೆಟ್ಟಿದ್ದಳು. ಪಾಳು ನೆಲಕ್ಕೆ ಜೀವ ಕೊಡುವುದಕ್ಕಿಂತ ದೊಡ್ಡ ಪುಣ್ಯದ ಕೆಲಸ ಇನ್ನೊಂದಿಲ್ಲ ಎಂಬುದು ಆವತ್ತೇ ತಲೆಯಲ್ಲಿ ಕೂತುಬಿಟ್ಟಿತ್ತು. ಝಾಂಬಿಯಾದ ಉತ್ತರ ಭಾಗದ ಚಿತ್ರಗಳು ಬಂದಾಗಲೂ ಅದೇ ಕಣ್ಣಿನಿಂದ ನೋಡಿದಳು. ಹಲವು ವರ್ಷಗಳಿಂದ ಬೆಳೆಯ ಗುರುತಿಲ್ಲ, ಪೊದೆ ಬೆಳೆದಿದೆ, ಹಚ್ಚು ಹಳದಿ! ಕಂಪನಿಯ ಯಜಮಾನ ಕ್ರಾನ್ಸ್ ಮೀಟಿಂಗಿನಲ್ಲಿ ಎಲ್ಲರೆದುರು ಅವಳ ನಿಯಮವನ್ನು ಹೊಗಳಿದ. ಅಲ್ಲಿನವರನ್ನು ಒಂದು ಮಾತು ಕೇಳಬೇಕೆಂದು ಆ ಕೋಣೆಯ ಘನ ಪಂಡಿತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೇಳಲು ಝಾಂಬಿಯಾದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಯೇನಾದ ಇಗರ್ಜಿಯ ಗಾಯನ ತಂಡದಲ್ಲಿ ಸೆಲಿನ್‌ಳ ಪಕ್ಕದಲ್ಲೇ ನಿಂತು ಹಾಡುತ್ತಿದ್ದವಳು ಬ್ವಾಲ್ಯಾ. ಅದೇ ಉತ್ತರ ಭಾಗದ ಹಳ್ಳಿಯವಳು, ಇಲ್ಲಿನ ವೃದ್ಧಾಶ್ರಮದಲ್ಲಿ ದಾದಿ. ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರೂ ಸೆಲಿನ್‌ಳ ಅಡುಗೆಮನೆಯಲ್ಲಿ ಮೀನು ಹುರಿಯುತ್ತ, ಈ ದೇಶದ ಚಳಿಗೂ ಇಲ್ಲಿನ ಬ್ರೆಡ್ಡಿಗೂ ಸೇರಿಸಿ ಬೈಯುತ್ತಿದ್ದರು. ಬ್ವಾಲ್ಯಾ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು, ಸೆಲಿನ್ ಅರ್ಧ ಕನ್ನಡದಲ್ಲಿ.

ಕಳೆದ ವರ್ಷ ಬೇಸಿಗೆಯ ಒಂದು ಭಾನುವಾರ ಬ್ವಾಲ್ಯಾ ಹಾಡಲಿಲ್ಲ. ಅಡುಗೆಮನೆಗೆ ಬಂದವಳು ಮೀನಿಗೂ ಕೈ ಹಚ್ಚಲಿಲ್ಲ.

"ಅಮ್ಮನ ನೆಲ ಹೋಯಿತು. ಮರ ನೆಡುವ ಕಂಪನಿ ಬಂತಂತೆ. ಅವರ ನಕ್ಷೆಯಲ್ಲಿ ಅಲ್ಲಿ ಯಾರೂ ಇಲ್ಲವಂತೆ. ಅದನ್ನೇ ತೋರಿಸಿ ಊರಿನ ಮುಖ್ಯಸ್ಥನ ಒಪ್ಪಿಗೆ ಪಡೆದರು" ಎಂದಳು.

"ಆದರೆ ಅಲ್ಲಿ ಪೊದೆ ಮಾತ್ರ ಇತ್ತಲ್ಲ?" ಸೆಲಿನ್ ಬಾಯಿ ತಪ್ಪಿ ಕೇಳಿದಳು.

ಬ್ವಾಲ್ಯಾಗೆ ಅದು ವಿಚಿತ್ರವೆನಿಸಲಿಲ್ಲ, ದುಃಖದಲ್ಲಿದ್ದಳು. ತಾಳ್ಮೆಯಿಂದ ಬಿಡಿಸಿ ಹೇಳಿದಳು. ಅವರ ಕಡೆ ಮರದ ಕೊಂಬೆ ಕಡಿದು, ರಾಶಿ ಹಾಕಿ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುತ್ತಾರೆ. ನಾಲ್ಕಾರು ವರ್ಷ ರಾಗಿ, ಮರಗೆಣಸು ಬೆಳೆದು ನೆಲವನ್ನು ಮಲಗಲು ಬಿಡುತ್ತಾರೆ. ಮರಗಳು ಮತ್ತೆ ಎದ್ದು ನಿಂತ ಮೇಲೇ ವಾಪಸು ಬರುವುದು. ಅಷ್ಟರವರೆಗೆ ಅಲ್ಲಿ ಅಣಬೆ, ಸೌದೆ, ಜೇನು. ಯಾವ ತುಂಡು ಯಾರ ಮನೆಯದು ಎಂಬುದು ಊರಿನ ಪ್ರತಿಯೊಬ್ಬರಿಗೂ ಗೊತ್ತು.

"ಅದು ಬಿಟ್ಟ ನೆಲ ಅಲ್ಲ ಸೆಲಿನ್, ದಣಿದ ನೆಲ. ಮುಂದಿನ ವರ್ಷ ಅಮ್ಮ ಅಲ್ಲಿಗೇ ಹಿಂತಿರುಗಬೇಕಿತ್ತು. ಈಗಿನ ಹೊಲದಲ್ಲಿ ಸತ್ವ ಮುಗಿದಿದೆ."

ಆಮೇಲೆ ಫೋನಿನಲ್ಲಿ ಆ ನಕ್ಷೆಯ ಫೋಟೋ ತೋರಿಸಿದಳು. ಆ ಹಳದಿ ಸೆಲಿನ್ ತಾನೇ ಆರಿಸಿದ ಹಳದಿ. ಒಲೆಯ ಮೇಲೆ ಮೀನು ಸೀದು ಹೋಯಿತು, ಇಬ್ಬರೂ ನೋಡಲಿಲ್ಲ.

"ನೀನು ಭೂಮಿಯ ವಿಷಯ ಓದಿದವಳಲ್ಲವೇ? ಏನಾದರೂ ಮಾಡು" ಎಂದಳು ಬ್ವಾಲ್ಯಾ. ಸೆಲಿನ್ ತಲೆಯಾಡಿಸಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ, ಆದರೂ ಹೇಳಲಿಲ್ಲ. ಹೆದರಿಕೆ, ಬೇರೇನಲ್ಲ.

ಬ್ವಾಲ್ಯಾ ಹೋದ ಮೇಲೆ ಮೆಲ್ರಾಯ್‌ಗೆ ಹೇಳಿಕೊಂಡು ಅತ್ತಳು.

"ಎಂತ ಸಾವು ಮಾರಾಯ್ತಿ!" ಅವನು ತಲೆ ಮೇಲೆ ಕೈಹೊತ್ತು ಕೂತ. "ನನ್ನ ಪ್ರಾಜೆಕ್ಟ್ ಮಾರ್ಚಿಗೆ ಮುಗೀತದೆ. ನಿನ್ನ ಕೆಲಸವೂ ಹೋದ್ರೆ ಗಂಟುಮೂಟೆ ಕಟ್ಟೋದೇ. ನೀನು ಬೇಕಂತ ಮಾಡಿದ್ದಾ? ಬಾಯಿ ಮುಚ್ಚಿ ಕೂತ್ಕೊ."

"ಅವಳಮ್ಮ ಎಂತ ತಿನ್ನೂದು ಹೇಳು?"

ಅವನು ಟಿವಿ ಹಾಕಿದ.

ಆದರೂ ಸೆಲಿನ್ ಮರುದಿನವೇ ಕ್ರಾನ್ಸ್ ಮುಂದೆ ನಿಂತು ನಿಯಮವೇ ತಪ್ಪು ಎಂದಳು. ಆತ ಕೂಗಾಡಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಕಾಫಿ ತರಿಸಿಕೊಟ್ಟ! ಗಿರಾಕಿ ಕೇಳಿದ್ದನ್ನು ನಾವು ಕೊಟ್ಟಿದ್ದೇವೆ, ಒಪ್ಪಿಸಿಯಾದ ನಕ್ಷೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲಾಗದು, ಮುಂದಿನ ವರ್ಷದ ಪರಿಷ್ಕರಣೆಗೆ ಹೊಸ ಚಿತ್ರಗಳು ಬರುತ್ತವೆ, ಆಗ ಆ ಭಾಗವನ್ನು ನೀವೇ ತಿದ್ದಿ ಎಂದ. ನಕ್ಷೆ ತರಿಸಿಕೊಂಡ ಆ ಗಿರಾಕಿ ಸಂಸ್ಥೆಗೂ ಅವಳು ನೇರವಾಗಿ ಬರೆದಳು. ಗಮನಕ್ಕೆ ತಂದದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು. ಅಷ್ಟೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎಂದರೆ ಇದು, ಅದೂ ಒಂದು ವರ್ಷ ಕಾದು.

ಆ ವರ್ಷವಿಡೀ ಅವಳು ಭಾನುವಾರಗಳನ್ನು ತಪ್ಪಿಸಿಕೊಂಡಳು. ತಲೆನೋವು, ನೆಂಟರು, ಟ್ರಾಮ್ ಇಲ್ಲ, ಒಂದೊಂದು ವಾರ ಒಂದೊಂದು ನೆಪ. ತಿದ್ದಿದ ನಕ್ಷೆಯನ್ನು ಕೈಯಲ್ಲಿ ಹಿಡಿದೇ ಬ್ವಾಲ್ಯಾಳ ಎದುರು ನಿಲ್ಲಬೇಕೆಂಬುದು ಅವಳ ಹಟ.

ಈ ಬೇಸಿಗೆಯಲ್ಲಿ ಹೊಸ ಚಿತ್ರಗಳು ಬಂದವು. ಪರದೆಯ ಮೇಲೆ ಆ ಹಳ್ಳಿಯನ್ನು ಹುಡುಕಿ, ದೊಡ್ಡದು ಮಾಡಿ ನೋಡಿದಳು. ಪೊದೆ ಇರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ನೇರ ಸಾಲುಗಳು, ನೀಲಗಿರಿ ಸಸಿಗಳ ಸಾಲು. ಕಣ್ಣಿಗೆ ಕಂಡದ್ದಕ್ಕಷ್ಟೇ ಬಣ್ಣ, ಅದು ಅವಳ ಕಂಪನಿಯ ಕಾನೂನು. ಹೊಲವೆಂದು ಬರೆದರೆ ಸುಳ್ಳಾಗುತ್ತದೆ, ಮಲಗಿರುವ ನೆಲವೆಂದು ಬರೆದರೂ ಸುಳ್ಳೇ. ಕಿತ್ತುಕೊಂಡ ನೆಲಕ್ಕೆ ಬಣ್ಣವನ್ನು ಯಾರೂ ಇಟ್ಟಿರಲಿಲ್ಲ. ಸಂಜೆಯವರೆಗೆ ಸುಮ್ಮನೆ ಕೂತಿದ್ದು, ಹಳದಿಯನ್ನು ಅಳಿಸಿ "ನೆಡುತೋಪು" ಎಂದು ಗುರುತು ಹಾಕಿ ಕಂಪ್ಯೂಟರ್ ಮುಚ್ಚಿದಳು.

ಆ ಭಾನುವಾರ ಇಗರ್ಜಿಯ ಹೊರಗೆ ಬ್ವಾಲ್ಯಾಳನ್ನು ನಿಲ್ಲಿಸಿ ಹಳದಿ ಬಳಿದದ್ದು ತಾನೇ ಎಂದು ಹೇಳಿದಳು. ತಡೆತಡೆದು, ಮೊದಲಿನಿಂದ.

ಬ್ವಾಲ್ಯಾ ಕೇಳಿದಳು: "ಆ ಚಿತ್ರದಲ್ಲಿ ನಮ್ಮ ಮನೆ ಕಾಣುತ್ತಿತ್ತಾ?"

"ಕಾಣ್ತಿತ್ತು."

"ಕಂಡೂ ಯಾರೂ ಇಲ್ಲ ಅಂತ ಬರೆದೆ."

"ಬರೆದೆ" ಎಂದಳು ಸೆಲಿನ್.

"ಅಮ್ಮ ಈಗ ಅಲ್ಲೇ ಕೂಲಿ. ಆ ಸಸಿಗಳಿಗೆ ನೀರು ಹೊರುತ್ತಾಳೆ. ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾಳೆ, ಗೊತ್ತಾ? ನನ್ನ ಗೆಳತಿ ಏನಾದರೂ ಮಾಡುತ್ತಾಳೆ ಅಂತ ನಾನೇ ಹೇಳಿದ್ದೆ. ಈಗ ಏನಂತ ಹೇಳಲಿ? ನಾನು ಹೇಳುವುದಿಲ್ಲ. ನೀನೇ ಹೇಳು."

ಬ್ವಾಲ್ಯಾ ಅಲ್ಲೇ ನಿಂತು ಊರಿಗೆ ಫೋನ್ ಮಾಡಿದಳು. ಸೆಲಿನ್ ಎಂಬ ಹೆಸರು ಕೇಳಿದ್ದೇ ತಡ, ಆ ಕಡೆಯಿಂದ ಮುದುಕಿ ಸಂತೋಷದಿಂದ ಜೋರಾಗಿ ಏನೇನೋ ಹೇಳತೊಡಗಿದಳು. ಅವಳು ಉಸಿರು ತೆಗೆದುಕೊಳ್ಳುವವರೆಗೆ ಕಾದು ಸೆಲಿನ್ ಹೇಳಿದಳು: "ಅಮ್ಮಾ, ನಿಮ್ಮ ನೆಲ ಯಾರದ್ದೂ ಅಲ್ಲ ಅಂತ ಬರೆದವಳು ನಾನೇ."

ಬ್ವಾಲ್ಯಾ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಳು, ಒಂದು ಮಾತೂ ಬಿಡದೆ. ಮುದುಕಿ ಮೆಲ್ಲಗೆ ಏನೋ ಕೇಳಿದಳು.

"ಏನಂತೆ?" ಎಂದಳು ಸೆಲಿನ್.

"ಬರೆದವಳು ನೀನೇ ಆದರೆ ತಿದ್ದುವುದೂ ನಿನ್ನ ಕೈಯಲ್ಲೇ ಇದೆಯಲ್ಲ ಮಗಳೇ, ಯಾವಾಗ ತಿದ್ದುತ್ತೀ ಅಂತ ಕೇಳುತ್ತಿದ್ದಾಳೆ."

ಸೆಲಿನ್ ಅದನ್ನು ಆ ವಾರವೇ "ನೆಡುತೋಪು" ಎಂದು ತಿದ್ದಿ ಮುಗಿಸಿದ್ದಳು.