ಕದ್ದ ದೊಡ್ಡಪತ್ರೆ

ದೊಡ್ಡಬೆಳವಂಗಲದ ಸೊಣ್ಣಮ್ಮನಿಗೆ ಸುಮ್ಮನಿರುವುದು ಹುಟ್ಟಿನಿಂದಲೇ ಗೊತ್ತಿರಲಿಲ್ಲ. ಅರವತ್ತೆಂಟನೇ ಇಸವಿಯಲ್ಲಿ ಮನೆ ಪಾಲಾದಾಗ, ಒರಳು ತನಗೆ, ಅದರ ಗುಂಡು ವಾರಗಿತ್ತಿ ಅನುಸೂಯಮ್ಮನಿಗೆ ಅಂತ ತೀರ್ಮಾನವಾಗುವವರೆಗೂ ಜಗಳ ಆಡಿದಳು. ನಡುವೆ ಗೋಡೆ ಎದ್ದಿತು, ಮಾತು ನಿಂತಿತು. ಇಬ್ಬರೂ ಚಟ್ನಿ ರುಬ್ಬಲು ಬೇರೆಯವರ ಮನೆಗೆ ಹೋಗತೊಡಗಿದರು.

ಗೋಡೆಯ ನೆರಳಲ್ಲಿ ಎರಡು ಹಿತ್ತಿಲಿಗೂ ಒಂದೊಂದು ದೊಡ್ಡಪತ್ರೆ ಗಿಡ ಪಾಲು ಬಂದಿತ್ತು. ಅದಕ್ಕೆ ಬಿಸಿಲು ಬೇಡ, ಗೊಬ್ಬರ ಬೇಡ, ಮರೆತರೆ ಇನ್ನೂ ಸಂತೋಷ. ಅನುಸೂಯಮ್ಮ ಮರೆತಳು, ಗಿಡ ಗೋಡೆಯುದ್ದಕ್ಕೂ ಹಬ್ಬಿತು. ವಾರಗಿತ್ತಿಗಿಂತ ಚೆನ್ನಾಗಿ ಬೆಳೆಸುವ ಹಟಕ್ಕೆ ಸೊಣ್ಣಮ್ಮ ಬಿಂದಿಗೆಗಟ್ಟಲೆ ನೀರು ಸುರಿದಳು, ಸಗಣಿ ಹಾಕಿದಳು. ಗಿಡ ಬುಡದಿಂದಲೇ ಕೊಳೆಯಿತು. ಅಂಥ ಉಪಚಾರಕ್ಕೆ ಮನುಷ್ಯರೂ ಉಳಿಯುವುದಿಲ್ಲ ಬಿಡಿ.

ಆ ಚಳಿಗಾಲ ಅವಳ ಮಗಳ ಮಗಳು, ಮೂರು ವರ್ಷದ ಕೂಸು, ಕೆಮ್ಮಿ ಕೆಮ್ಮಿ ಸೊರಗಿತು. ಡಾಕ್ಟರ ಔಷಧಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಸೊಣ್ಣಮ್ಮನಿಗೆ ಜೀವವೇ ಹೋದಂತಾಯಿತು. ಕೆಮ್ಮಿಗೆ ದೊಡ್ಡಪತ್ರೆ ರಸ ಬೇಕು, ಗಿಡ ಇರುವುದು ಗೋಡೆಯಾಚೆ. ಕೇಳಲು ಬಾಯಿ ಬಾರದು. ಕೇಳಿ ತಂದ ಕಡ್ಡಿ ಚಿಗುರುವುದಿಲ್ಲ, ಕದ್ದದ್ದೇ ಚಿಗುರುವುದು ಎಂಬ ನಂಬಿಕೆ ಬೇರೆ ನಮ್ಮೂರಲ್ಲಿ. ಕದಿಯೋಣವೆಂದರೆ ಅನುಸೂಯಮ್ಮ ಹಿತ್ತಿಲು ಬಿಟ್ಟು ಕದಲಳು.

ಕೂಸಿನ ಕೆಮ್ಮು ಮಾತ್ರ ಗೋಡೆ ದಾಟಿ ಕೇಳುತ್ತಿತ್ತು. ಒಂದು ಬೆಳಗ್ಗೆ ಅನುಸೂಯಮ್ಮ ತನ್ನ ಎಮ್ಮೆಗೆ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಲೇ, ನಾನು ಕೆರೆ ಕಡೆ ಹೋಗ್ತೀನಿ. ಬರೋದು ಹೊತ್ತಾಯ್ತದೆ. ಹಿತ್ತಿಲ ಬಾಗ್ಲಿಗೆ ಚಿಲಕ ಹಾಕಿಲ್ಲ ಕಣೆ."

ಎಮ್ಮೆ ಏನೂ ಅನ್ನಲಿಲ್ಲ. ಸೊಣ್ಣಮ್ಮ ಹೋಗಿ ಒಂದು ಹಿಡಿ ಎಲೆ, ಎರಡು ಕಡ್ಡಿ ಕದ್ದು ತಂದಳು.

ಕಳುವಾದ ಮನೆಯವರು ಬೀದಿಯಲ್ಲಿ ನಿಂತು ಬಯ್ಯಲೇಬೇಕು. ಬಯ್ಯದಿದ್ದರೆ ಅದು ಕಳ್ಳತನವಾಗುವುದಿಲ್ಲ, ಕೊಟ್ಟಂತಾಗುತ್ತದೆ. ಅನುಸೂಯಮ್ಮ ಹಿಂದಿರುಗಿದವಳೇ ಶುರುಮಾಡಿದಳು: "ನನ್ನ ಗಿಡ ಮುರಿದೋರ ಕೈ ಸೇದೋಗ! ಅವ್ರ ಮನೆ ಹಾಳಾಗ! ಎಲೆ ಕೆಂಡದ ಮೇಲೆ ಬಾಡಿಸ್ದೆ ರಸ ಹಿಂಡ್ತಾವೇನೋ ಮುಂಡೇವು! ಜೇನುತುಪ್ಪ ಬೆರೆಸ್ದಿದ್ರೆ ಮಗು ಹೆಂಗೆ ಕುಡೀತದೆ?"

ಒಳಗೆ ಸೊಣ್ಣಮ್ಮ ಎಲೆ ಬಾಡಿಸುತ್ತಾ ಅತ್ತಳು. ಜೇನುತುಪ್ಪ ಬೆರೆಸಿದಳು. ಮಗು ಕುಡಿಯಿತು, ವಾರದೊಳಗೆ ಕೆಮ್ಮು ಇಳಿಯಿತು. ನೆಟ್ಟ ಕಡ್ಡಿ ಚಿಗುರಿತು. ಈ ಸಲ ಅದಕ್ಕೆ ಅವಳು ನೀರು ಹಾಕಲಿಲ್ಲ.

ಆಮೇಲೊಂದು ದಿನ ಒರಳು ತೊಳೆದು, ಹಿತ್ತಿಲ ಬಾಗಿಲು ತೆರೆದಿಟ್ಟು, ತನ್ನ ಕೋಳಿಗೆ ಗಟ್ಟಿಯಾಗಿ ಹೇಳಿದಳು: "ನಾನು ಒಳಗೆ ಮಲಗ್ತೀನಿ ಕಣೆ. ಗುಂಡು ಇರೋರು ಯಾರಾದ್ರೂ ಬಂದು ಕದ್ದು ರುಬ್ಕೊಂಡು ಹೋದ್ರೆ ನಂಗೆ ಗೊತ್ತಾಗಾಕಿಲ್ಲ."