ಅತ್ತೆ ಆಡದ ಮಾತು

ಚಿನ್ನಿ, ಬಾಳು, ನೀವಿಬ್ಬರೂ ಸ್ವಲ್ಪ ದೊಡ್ಡವರಾದ ಮೇಲೆ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಒಬ್ಬರ ಮುಂದೆಯೂ ಬಾರದ ಮಾತು ಇದು.

ನಮ್ಮ ಮನೆಯಲ್ಲಿ ಒಂದು ಕತೆಯಿದೆ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಮತ್ತು ನಾನು ಕೈಕಾಲು ಗಟ್ಟಿಯಿದ್ದಾಗಲೇ ಸಿಲೋನು, ಸಯಾಮು ನೋಡಿ ಬರಬೇಕಿತ್ತು, ಮುತ್ಯಾನ ತಾಯಿ ಬಿಡಲಿಲ್ಲ, ಅದಕ್ಕೇ ಅವರು ರಿಟೈರ್ ಆಗುವ ತನಕ ಕಾಯಬೇಕಾಯಿತು ಎಂದು. ನಿಮ್ಮ ಅಪ್ಪ ಬಂದವರ ಮುಂದೆಲ್ಲ ನಗುತ್ತ ಹೇಳುತ್ತಾನೆ: “ನಮ್ಮ ಆಯಿ ಭಾಳ ಹಟದಾಕಿ. ಮಗನ ಕಾಲು ಕಟ್ಟಿ ಹಾಕಿದ್ಲು.” ಆಯಿ ಅಂದರೆ ಅವನ ಅಜ್ಜಿ, ನನ್ನ ಅತ್ತೆ. ಆ ಮಾತು ಬಂದಾಗ ನಾನು ಎದ್ದು ಒಳಗೆ ಹೋಗುತ್ತೇನೆ. ಅದು ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವಳು ನಾನು.

ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನನ್ನ ಲಗ್ನವಾಯಿತು. ಮುಂದೆ ಸ್ವಲ್ಪ ದಿನಕ್ಕೆ ನಮ್ಮ ಓಣಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡರು. ನಿಮ್ಮ ಮುತ್ಯಾ ಹುಮನಾಬಾದಿನಲ್ಲಿ ಮಾಸ್ತರರು. ವಾರವೆಲ್ಲ ಅಲ್ಲೇ ಒಂದು ಖೋಲಿಯಲ್ಲಿದ್ದು ಶನಿವಾರದ ಬಸ್ಸಿಗೆ ನಮ್ಮೂರು ಕಲ್ಯಾಣಕ್ಕೆ ಬರುತ್ತಿದ್ದರು. ನಾನು, ಅತ್ತೆ ಕಲ್ಯಾಣದ ಮನೆಯಲ್ಲಿ. ಮಕ್ಕಳಿಗೆ ಏಷ್ಯಾದ ನಕಾಶೆ ಬರೆದು ತೋರಿಸುತ್ತಿದ್ದ ಅವರಿಗೆ ಇದ್ದದ್ದು ಒಂದೇ ಆಸೆ, ಸಿಲೋನು, ಸಯಾಮು ನೋಡುವುದು. “ಅಲ್ಲಿ ಎಲ್ಲಾ ನಮ್ಮ ಧರ್ಮದವರೇ. ನಿಮ್ಮ ಓಣಿ ಯಾವುದಂತ ಯಾರೂ ಕೇಳೂದಿಲ್ಲಂತ. ಅಂಥಾದೊಂದು ಊರಾಗ ನಾಕು ದಿನ ಅಡ್ಡಾಡಿ ಬರೂಣು,” ಎನ್ನುತ್ತಿದ್ದರು. ಹೈದರಾಬಾದಿನ ದಾರಿಯಲ್ಲಿ ಮನ್ನಾಏಖೇಳ್ಳಿಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ನಮ್ಮ ಓಣಿಯವರ ಚಹಾದ ಕಪ್ಪು ಬೇರೆ, ಹೊರಗಿನ ಗೂಡಿನಲ್ಲಿರುತ್ತಿತ್ತು. ಅವರು ಆ ದಾರಿಯಲ್ಲಿ ಎಷ್ಟು ಸಲ ಹೋದರೂ ಅಲ್ಲಿ ಚಹಾ ಕುಡಿದವರಲ್ಲ.

ನಿಮ್ಮ ಅಪ್ಪನಿಗೆ ಹತ್ತು ವರ್ಷವಿರಬೇಕು, ಸೊಲ್ಲಾಪುರದ ಕಡೆಯ ಕೆಲವು ಹಿರಿಯರು ಆ ದೇಶಗಳಿಗೆ ಯಾತ್ರೆ ಹೊರಡುತ್ತಾರೆಂದು ಸುದ್ದಿ ಬಂತು. ಗಂಡ ಹೆಂಡತಿ ಜೋಡಿಯಾಗಿ ಹೋಗುವವರೇ ಹೆಚ್ಚು. ಮುತ್ಯಾ ನಮ್ಮಿಬ್ಬರ ಹೆಸರು ಕೊಟ್ಟು ಬಂದರು. ಮಗನನ್ನು ನನ್ನ ತವರಿನಲ್ಲಿ ಬಿಡುವುದೆಂದೂ ಆಯಿತು. ಪಾಸ್‌ಪೋರ್ಟಿಗೆ ಫೋಟೋ ಬೇಕೆಂದು ನನ್ನನ್ನು ಹುಮನಾಬಾದಿಗೆ ಕರೆದೊಯ್ದರು.

ಅಂಗಡಿಯಲ್ಲಿ ಬೆಂಚಿನ ಮೇಲೆ ಇಬ್ಬರು ಗಂಡಸರು ಕೂತಿದ್ದರು. ನಾನು ಸ್ಟೂಲಿನ ಮೇಲೆ ಕೂತೆ. ಫೋಟೋದವನು, “ಸೆರಗು ಹಿಂದ ಸರಸ್ರಿ ತಾಯಿ, ಕಿವಿ ಕಾಣಬೇಕು,” ಎಂದ. ಲಗ್ನವಾದಂದಿನಿಂದ ಪರಗಂಡಸರೆದುರು ನನ್ನ ತಲೆಯ ಸೆರಗು ಸರಿದಿರಲಿಲ್ಲ. ಕೈ ಮೇಲೇಳಲಿಲ್ಲ. ಅವನು, “ಠಾಣಾಕ್ಕ ಬಂದವರಂಗ ಕುಂತೀರಲ್ರಿ, ಏನ್ ಕದ್ದೀರಿ?” ಎಂದು ಚೇಷ್ಟೆ ಮಾಡಿದ. ಬೆಂಚಿನವರು ನಕ್ಕರು. ನಾನು ಎದ್ದು ಬೀದಿಗೆ ಬಂದುಬಿಟ್ಟೆ.

ಮುತ್ಯಾ ಹಿಂದೆಯೇ ಬಂದರು. ಸಿಟ್ಟಾಗಲಿಲ್ಲ. “ಇರ್ಲಿ ಬಿಡು, ಮುಂದಿನ ವಾರ ತಗಸೂಣು,” ಎಂದರು. ನನ್ನನ್ನು ಬಸ್ಸು ಹತ್ತಿಸುವಾಗ ಇನ್ನೊಂದು ಮಾತು ಹೇಳಿದರು: “ಅವ್ವಗ ನೀನ ಕೇಳು. ನಾ ಕೇಳಿದ್ರ ಮಗನ ಮನಸ್ಸು ಮುರೀಬಾರ್ದಂತ ಹೂಂ ಅಂತಾಳ. ನಿನ್ನ ಮುಂದ ಖರೇ ಹೇಳ್ತಾಳ.”

ಅತ್ತೆ ಹಿಂದಿನ ವರ್ಷ ಬಿದ್ದು ಸೊಂಟ ನೋವು ಮಾಡಿಕೊಂಡಿದ್ದರು, ಕೋಲು ಹಿಡಿದು ನಡೆಯುತ್ತಿದ್ದರು. ನಾನು ಹೋಗಿ ಕೇಳಿದಾಗ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಹೋಗಿ ಬರ್ರಿ. ನಾ ಏನ್ ತೊಟ್ಟಿಲ ಕೂಸೇನ? ಮಗ್ಗಲ ಮನ್ಯಾಗ ನನ್ನ ತಂಗಿ ಇದ್ದಾಳ. ಅಕಿ ರೊಟ್ಟಿ ಕರಕ ಮಾಡ್ತಾಳ, ಮಾಡ್ಲಿ. ತಿಂಗಳ ದಿನ ಕರಕ ರೊಟ್ಟಿ ತಿಂದ್ರ ಯಾರೂ ಸಾಯೂದಿಲ್ಲ.” ಆಮೇಲೆ ನನ್ನ ಮುಖ ನೋಡಿ, “ನೀ ಅಂಜಾಕತ್ತೀ ಏನ?” ಎಂದರು.

ಇಲ್ಲವೆಂದು ತಲೆಯಾಡಿಸಿದೆ.

ಶನಿವಾರ ಮುತ್ಯಾ ಬಂದು ಚೀಲ ಕೆಳಗಿಡುವ ಮುಂಚೆಯೇ ನಾನು ಹೇಳಿದೆ: “ಅತ್ತಿ ಬ್ಯಾಡ ಅಂತಾರ. ನನ್ನ ಬಿಟ್ಟು ಹೋಗಬ್ಯಾಡ್ರಿ ಅಂತ ಕಣ್ಣಾಗ ನೀರು ತಂದ್ರು.” ಬೇಡ ಅಂದರು ಎಂದಷ್ಟೇ ಹೇಳಿದ್ದರೂ ಸಾಕಿತ್ತು. ಆ ಕಣ್ಣೀರನ್ನು ನಾನು ಯಾಕೆ ಸೇರಿಸಿದೆನೋ ಇವತ್ತಿಗೂ ತಿಳಿಯದು. ಅವರು “ಹೌದಾ” ಎಂದರು. ಕೈಕಾಲು ತೊಳೆಯಲು ಹೋದರು.

ಒಂದು ಸುಳ್ಳು ನಿಲ್ಲಲು ಇನ್ನೊಂದು ಬೇಕಾಯಿತು. ಯಾಕೆ ಹೋಗಲಿಲ್ಲವೆಂದು ಅತ್ತೆ ಕೇಳಿದಾಗ ರಜಾ ಸಿಗಲಿಲ್ಲವೆಂದೆ. “ರಜಾ ಕೊಡದ ಆ ಸಾಹೇಬನ ಬಾಯಾಗ ಮಣ್ಣು ಬೀಳ್ಲಿ,” ಎಂದು ಅವರು ತಿಂಗಳುಗಟ್ಟಲೆ ಇಲ್ಲದ ಸಾಹೇಬನನ್ನು ಬೈದರು. “ಅವರ ಮುಂದ ಆ ಮಾತು ತೆಗೀಬ್ಯಾಡ್ರಿ ಅತ್ತಿ, ಬ್ಯಾಸರ ಮಾಡ್ಕೋತಾರ,” ಎಂದು ನಾನೇ ಬಾಯಿ ಕಟ್ಟಿದೆ. ಮಗನ ಮೇಲಿನ ಪ್ರೀತಿಗೆ ಅವರು ಸುಮ್ಮನಿದ್ದರು. ತಾಯಿಯ ಮೇಲಿನ ಸಿಟ್ಟಿಗೆ ಇವರು ಸುಮ್ಮನಾದರು. ಮೊದಲು ಶನಿವಾರ ಬಂದ ಕೂಡಲೇ ತಾಯಿಯ ಪಕ್ಕ ಕೂತು ಶಾಲೆಯ ಸುದ್ದಿ ಹೇಳುತ್ತಿದ್ದವರು ಈಗ ಊಟ ಮುಗಿಸಿ ಎದ್ದು ಹೊರಗೆ ಹೋಗುತ್ತಿದ್ದರು. ಔಷಧಿ, ಸೀರೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ನಿಂತುಹೋಯಿತು.

ಐದಾರು ವರ್ಷದ ನಂತರ ಹಾಸಿಗೆ ಹಿಡಿದಾಗ ಅತ್ತೆ ಒಂದು ದಿನ ನನ್ನನ್ನು ಕೇಳಿದರು: “ನನ್ನ ಮಗ ನನ್ನ ಬಾಜೂಕ ಯಾಕ ಕೂಡವಲ್ಲ? ನಾ ಏನರ ಅಂದೇನೇನ?” ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದೆ. ಅದೇ ತಿಂಗಳು ತೀರಿಕೊಂಡರು.

ಮುತ್ಯಾ ರಿಟೈರ್ ಆದ ಮೇಲೆ ನಾವು ಹೊರಟೆವು. ಎಂಬತ್ತನೆಯ ಇಸವಿಯ ಆಚೀಚೆ. ಈ ಸಲ ಫೋಟೋದವನು ಹೇಳುವ ಮೊದಲೇ ಸೆರಗು ಸರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ಇಷ್ಟಕ್ಕೆ ಅಂಜಿಯೇ ಅಲ್ಲವೇ ಆ ಸುಳ್ಳು ಹೇಳಿದ್ದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅನಿಸಿತು.

ಮದರಾಸಿನಿಂದ ವಿಮಾನದಲ್ಲಿ ಮೊದಲು ಸಯಾಮಿನ ಬ್ಯಾಂಕಾಕಿಗೆ ಹೋದೆವು. ಅಲ್ಲಿ ನದಿಯ ದಂಡೆಯ ಗುಡಿಗೆ ಏಣಿಯಂಥ ಮೆಟ್ಟಿಲು. ಮುತ್ಯಾನಿಗೆ ಅಷ್ಟರಲ್ಲಿ ಉಬ್ಬಸ. ಎಂಟು ಮೆಟ್ಟಿಲು ಹತ್ತಿ ಕೂತರು. “ನೀ ಹೋಗಿ ನೋಡಿ ಬಾ, ಬಂದು ಹೇಳು,” ಎಂದರು. ಹೋಗುವ ಆಸೆಯೇ ಇಲ್ಲದಿದ್ದ ನಾನು ಮೇಲೆ ಹತ್ತಿ ಎಲ್ಲ ನೋಡಿದೆ. ಕಾಲಲ್ಲಿ ಶಕ್ತಿಯಿದ್ದ ವಯಸ್ಸಿನಲ್ಲಿ ಅವರನ್ನು ನಿಲ್ಲಿಸಿದವಳು ನಾನು. ಕೆಳಗೆ ಬಂದು, “ಭಾಳ ಛಲೋ ಅದ,” ಎಂದಷ್ಟೇ ಹೇಳಲು ಬಂತು.

ಅಲ್ಲಿಂದ ಸಿಲೋನು. ಅನುರಾಧಪುರದಲ್ಲಿ ಬೋಧಿವೃಕ್ಷದ ಹೊರಗೆ ಒಬ್ಬ ಮುದುಕಿ ಎಲ್ಲರಿಗೂ ಕೊಟ್ಟಂಥದ್ದೇ ಕಪ್ಪಿನಲ್ಲಿ ಅವರಿಗೆ ಚಹಾ ಕೊಟ್ಟಳು, ಕೈಗೇ ಕೊಟ್ಟಳು. ಅವರು ಕುಡಿದು, ಇನ್ನೊಂದು ಕೇಳಿ ಕುಡಿದರು. ಒಳಗೆ ಹೂವಿಟ್ಟು ಕೈಮುಗಿದು ಕೂತಾಗ ನನ್ನ ಕಡೆ ತಿರುಗದೆ ಹೇಳಿದರು: “ಅವ್ವನ ಮ್ಯಾಲ ನಂಗ ಇಷ್ಟು ವರ್ಷ ಸಿಟ್ಟಿತ್ತು. ಸಾಯೂವಾಗೂ ಹತ್ರ ಕೂಡಲಿಲ್ಲ. ಇವತ್ತ ಬಿಟ್ಟೆ. ಅಕಿ ಮುದುಕಿ, ಅಂಜಿಕಿ ಇತ್ತು, ಬ್ಯಾಡ ಅಂದ್ಳು. ಮಾಫ್ ಮಾಡೀನಿ.”

ಹೇಳಬೇಕೆಂದು ನನ್ನ ಬಾಯಿ ತೆರೆಯಿತು. ಹೇಳಿದರೆ ತಪ್ಪಿಲ್ಲದ ತಾಯಿಯನ್ನು ದೂರ ಇಟ್ಟೆನೆಂಬ ಸಂಕಟ ಅವರಿಗೆ ಶುರುವಾಗುತ್ತದೆ, ಈಗಷ್ಟೇ ಹಗುರಾಗಿದ್ದಾರೆ ಎಂದುಕೊಂಡೆ. ಇದು ನನಗೆ ನಾನೇ ಕೊಟ್ಟುಕೊಂಡ ಸಬೂಬು. ಖರೆಯೆಂದರೆ ಅವರು ನನ್ನನ್ನು ಹೇಗೆ ನೋಡುತ್ತಾರೋ ಎಂದು ಅಂಜಿದೆ. “ಏಳ್ರಿ, ಎಲ್ಲರೂ ಹೊಂಟ್ರು,” ಎಂದೆ. ರಾಮೇಶ್ವರಕ್ಕೆ ಮರಳುವ ಹಡಗಿನಲ್ಲಿ ತಾಸುಗಟ್ಟಲೆ ಪಕ್ಕದಲ್ಲೇ ಕೂತಿದ್ದರು. ಆಗಲೂ ಹೇಳಲಿಲ್ಲ. ಯಾತ್ರೆಯಿಂದ ಬಂದ ಎರಡನೆಯ ವರ್ಷ ಅವರು ತೀರಿಹೋದರು.

ನಿಮ್ಮ ಅಪ್ಪನಿಗೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ನೀವು ಓದಿ ಅವನಿಗೆ ತೋರಿಸಿ. ನನ್ನ ಮೇಲೆ ಸಿಟ್ಟಾದರೆ ಆಗಲಿ, ಆಯಿ ಬಿಡಲಿಲ್ಲವೆಂಬ ಆ ಕತೆಯನ್ನು ಅವನು ಇನ್ನು ಯಾರ ಮುಂದೆಯೂ ಹೇಳಬಾರದು. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ, ತಮ್ಮ ಕಡೆಯ ಮಾತನ್ನು ಎಲ್ಲೂ ಬರೆದಿಡಲಿಲ್ಲ. ಅವರು ಹೋಗಿ ಬರ್ರಿ ಅಂದಿದ್ದರು ಎನ್ನುವುದಕ್ಕೆ ಈ ನಾಲ್ಕು ಹಾಳೆ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಗೆದ್ದಲು ಹತ್ತದ ಕಡೆ, ಟ್ರಂಕಿನಲ್ಲಿ ನಿಮ್ಮ ಶಾಲೆಯ ಸರ್ಟಿಫಿಕೇಟುಗಳ ಜೊತೆ ಇಡಿ.