ಗಂಧದ ಹಾರ ಹಾಕಿದ ಫೋಟೋ

ಅದು 2014ರ ಮೇ ತಿಂಗಳು. ಅಡಿಲೇಡ್‌ನ ಮಾಡ್ಬರಿಯಲ್ಲಿ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ಭಾನುವಾರದ ಕನ್ನಡ ಶಾಲೆ ನಡೆಯುತ್ತಿತ್ತು. ವಾರವೆಲ್ಲ ನಾನು ಬೆಡ್‌ಫರ್ಡ್ ಪಾರ್ಕ್‌ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಭಾನುವಾರ ಮಾತ್ರ ಟೀಚರ್. ಈ ಘಟನೆಯನ್ನು ಹಲವು ಮನೆಗಳಲ್ಲಿ, ಊಟಕ್ಕೆ ಕೂತಾಗ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತಾ ಬಂತು. ಇಲ್ಲಿ ಬರೆಯುತ್ತಿರುವುದು ಆ ನುಣುಪಾದ ಕಥೆಯನ್ನಲ್ಲ.

ಅದರ ಹಿಂದಿನ ವರ್ಷ ನಮಗೆ ಇಲ್ಲಿನ ಪೌರತ್ವ ಸಿಕ್ಕಿತ್ತು. ಆ ಸಮಾರಂಭದಲ್ಲಿ ಮೂಲನಿವಾಸಿ ಹಿರಿಯರೊಬ್ಬರು ತಮ್ಮ ನೆಲಕ್ಕೆ ನಮ್ಮನ್ನು ಸ್ವಾಗತಿಸಿದರು. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ನನ್ನ ಮಗಳು ನಿಧಿ ಇಂಗ್ಲಿಷಿನಲ್ಲಿ ಕೇಳಿದಳು, "ಅವರು ಚಿಕ್ಕವರಿದ್ದಾಗ ಅವರ ಅಪ್ಪ ಅಮ್ಮನಿಗೆ ವೋಟ್ ಇತ್ತಾ?" ನನಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ ಗೊತ್ತಿರಲಿಲ್ಲ. ಈ ದೇಶದಲ್ಲಿ ಎಂಟು ವರ್ಷ ಇದ್ದ ಮೇಲೂ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕನ್ನಡ ಶಾಲೆಯ ದೊಡ್ಡ ಮಕ್ಕಳು ನಿಧಿಯೂ ಸೇರಿ ಒಂಬತ್ತು ಜನ ಇದ್ದರು, ಎಲ್ಲರೂ ಹದಿನಾಲ್ಕು ಹದಿನೈದರವರು. ಜುಲೈ ರಜೆಯಲ್ಲಿ ಅವರನ್ನು ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ಗೆ ಕರೆದೊಯ್ಯಬೇಕು, ಅರ್ಧ ದಿನ ಅಲ್ಲಿನ ಹಳೆಯ ಜೈಲಿನಂಥ ಜಾಗ ನೋಡಿ ಮೂಲನಿವಾಸಿಗಳ ಹಕ್ಕಿನ ಇತಿಹಾಸ ಕಲಿಯಬೇಕು, ಇನ್ನರ್ಧ ದಿನ ಅವರಿಗಾಗಿ ಏನಾದರೂ ಕೆಲಸ ಮಾಡಬೇಕು ಎಂದು ಯೋಜನೆ ಹಾಕಿದೆ.

"ಗೋಲ್ಡ್ ಕೋಸ್ಟ್ ಬೀಚ್ ಬಿಟ್ಟು ಮಕ್ಕಳಿಗೆ ಜೈಲ್ ತೋರಿಸ್ತೀನಿ ಅಂತೀಯಲ್ಲೇ," ಎಂದಳು ನನ್ನ ಜೊತೆ ಪಾಠ ಮಾಡುವ ಸುಧಾ. "ನನ್ನ ಮಗ ಈಗಾಗ್ಲೇ ಕನ್ನಡ ಕ್ಲಾಸನ್ನೇ ಜೈಲು ಅಂತಾನೆ."

ಆದರೂ ಅವಳು ಒಪ್ಪಿದಳು. ಸಂಘದ ಅಧ್ಯಕ್ಷರಾದ ಮಂಜುನಾಥ್ ಅವರೂ ಒಪ್ಪಿದರು. ನಾನು ಐದು ದಿನಗಳ ವೇಳಾಪಟ್ಟಿ ಬರೆದೆ. ಬೆಳಿಗ್ಗೆ ಒಂಬತ್ತಕ್ಕೆ ಹಳೆಯ ಜೈಲು. ಹತ್ತೂವರೆಗೆ ಗೋಡೆಗೆ ಬಣ್ಣ ಬಳಿಯುವುದು. ಮೂರನೆಯ ದಿನ ಫೆರಿಯಲ್ಲಿ ಎದುರಿನ ದ್ವೀಪಕ್ಕೆ ಹೋಗಿ ಎರಡು ಗಂಟೆ ಸೈಕಲ್ ಸವಾರಿ. ಯಾರ ಗೋಡೆ, ಅವರಿಗೆ ಬಣ್ಣ ಬೇಕಿತ್ತೇ ಎಂದು ಯೋಚಿಸಿರಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಜೂಲಿ ಎಂಬ ನರ್ಸ್ ಇದ್ದಳು. ಅವಳು ಪರ್ತ್ ಕಡೆಯ ನೂಂಗಾರ್ ಎಂಬ ಮೂಲನಿವಾಸಿ ಜನರವಳು. ಫ್ರೀಮ್ಯಾಂಟಲ್‌ನಲ್ಲಿ ಅವಳ ಸೋದರತ್ತೆ ಇದ್ದರು. ಮಕ್ಕಳಿಗೆ ಆ ಊರು ತೋರಿಸಲು ಅವರಿಗಿಂತ ಸರಿಯಾದವರಿಲ್ಲ ಎಂದು ಜೂಲಿ ಅವರ ನಂಬರ್ ಕೊಟ್ಟಳು. ಕೊಡುವಾಗ ಒಂದೇ ಮಾತು ಹೇಳಿದಳು: "ಏನೇ ಮಾಡೋ ಮುಂಚೆ ಆಂಟೀನ ಕೇಳು."

ಫೋನ್ ಮಾಡಿದಾಗ ಅವರನ್ನು ಏನೆಂದು ಕರೆಯಲಿ ಎಂದೆ. "ಎಲ್ಲರೂ ಆಂಟಿ ಅಂತಾರೆ, ನೀನೂ ಅನ್ನು," ಎಂದರು. ನಮ್ಮಲ್ಲೂ ಹಿರಿಯರನ್ನು ಹಾಗೇ ಕರೆಯುತ್ತೇವೆ ಎಂದಾಗ ಸಂತೋಷಪಟ್ಟರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ಈಗ ನೆನೆಸಿಕೊಂಡರೆ ಅವರು ನನ್ನ ಮೈಸೂರು ಕನ್ನಡದಲ್ಲೇ ಮಾತಾಡುತ್ತಾರೆ. ಆದ್ದರಿಂದ ನಾನು ಬರೆಯುವ ಅವರ ಮಾತುಗಳನ್ನು ಅಕ್ಷರಶಃ ನಂಬಬೇಡಿ.

"ಇದನ್ನೆಲ್ಲ ಹೇಳಬೇಕಾದವಳು ನಮ್ಮ ಅಕ್ಕ," ಎಂದರು. "ಅರವತ್ತರ ದಶಕದಲ್ಲಿ ನಮ್ಮ ಹಕ್ಕಿಗೆ ಅಂತ ಬೀದಿಗೆ ಇಳಿದವಳು ಅವಳು. ಹೋದ ವರ್ಷ ಹೋಗಿಬಿಟ್ಟಳು." ಅಕ್ಕನ ಹೆಸರನ್ನು ಅವರು ಹೇಳಲಿಲ್ಲ. ಅದರಲ್ಲಿ ಏನೋ ಇರಬಹುದು ಎಂದು ನನಗೆ ಹೊಳೆಯಲಿಲ್ಲ. ಪತ್ತೆ ಹಚ್ಚಬೇಕಾದ ಒಂದು ವಿವರ ಎಂದಷ್ಟೇ ಅನ್ನಿಸಿತು.

ಮಕ್ಕಳನ್ನು ಒಪ್ಪಿಕೊಳ್ಳುವ ಮುಂಚೆ ಒಮ್ಮೆ ಅವರನ್ನು ನೋಡಬೇಕು ಎಂದರು. ಹೇಗೂ ಜೂಲಿಯ ಮನೆಗೆ ಬರುವವರಿದ್ದರು. ಬಂದಾಗ ನಮ್ಮ ಭಾನುವಾರದ ಶಾಲೆಗೆ ಬರುತ್ತೇನೆ, ನೋಡಿದ ಮೇಲೆ ಹೂಂ ಅಥವಾ ಊಹೂಂ ಹೇಳುತ್ತೇನೆ ಎಂದರು. ನಮ್ಮ ಪ್ರವಾಸ ಪೂರ್ತಿ ಆ ಒಂದು ಮಾತಿನ ಮೇಲೆ ನಿಂತಿತ್ತು.

ನಾನು ಅವರನ್ನು ಬಹಳ ಕೇಳಿದೆ. ಖಾರ ತಿನ್ನುತ್ತೀರಾ, ಚಹಾಕ್ಕೆ ಸಕ್ಕರೆ ಎಷ್ಟು, ಮೆಟ್ಟಿಲು ಹತ್ತಲು ತೊಂದರೆ ಇದೆಯೇ. ಮುಖ್ಯವಾದದ್ದನ್ನು ಕೇಳಲಿಲ್ಲ. ಗೌರವ ಮಾಡಲು ಯಾರಾದರೂ ಅನುಮತಿ ಕೇಳುತ್ತಾರೆಯೇ?

ಅವರ ಮನೆತನದ ಹೆಸರು ಹಾಕಿ ಹುಡುಕಿದಾಗ ಒಂದು ಗ್ರಂಥಾಲಯದ ವೆಬ್‌ಸೈಟಿನಲ್ಲಿ ಹಳೆಯ ಪತ್ರಿಕೆಯ ಫೋಟೋ ಸಿಕ್ಕಿತು. ಕೈಯಲ್ಲಿ ಫಲಕ ಹಿಡಿದು ನಿಂತ ತೆಳ್ಳಗಿನ ಹುಡುಗಿ, ಬಿಸಿಲಿಗೆ ಕಿರಿದಾದ ಕಣ್ಣು. ಕೆಳಗಿದ್ದ ಹೆಸರು, ವರ್ಷ ನೋಡಿದರೆ ಆಂಟಿಯ ಅಕ್ಕ ಅವರೇ. ದೊಡ್ಡದಾಗಿ ಪ್ರಿಂಟ್ ಮಾಡಿಸಿ ಕಟ್ಟು ಹಾಕಿಸಿದೆ. ಸುಧಾ ತನ್ನ ಮಾವನವರ ಫೋಟೋಗೆಂದು ಮೈಸೂರಿನಿಂದ ತಂದಿಟ್ಟಿದ್ದ ಗಂಧದ ಚಕ್ಕೆಯ ಹಾರವನ್ನು ಕೊಟ್ಟಳು. "ಇರ್ಲಿ ಬಿಡೆ, ಮಾವನೋರಿಗೆ ಮುಂದಿನ ಸಲ ತರ್ತೀನಿ," ಎಂದಳು. ಹಾಲ್‌ನ ಮುಂದಿನ ಮೇಜಿಗೆ ರೇಷ್ಮೆ ಬಟ್ಟೆ ಹಾಸಿ, ಫೋಟೋ ಇಟ್ಟು, ಹಾರ ಹಾಕಿ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಹಚ್ಚಿದೆ. ಪಕ್ಕದಲ್ಲಿ ದೀಪ. ಆಂಟಿಗೆ ಹೊದಿಸಲು ಒಂದು ಶಾಲು. ನಾವು ಗೌರವಿಸುವವರಿಗೆ ಏನೆಲ್ಲ ಮಾಡುತ್ತೇವೋ ಅದೆಲ್ಲವೂ ಅಲ್ಲಿತ್ತು.

ಜೂಲಿಗೆ ಅಂದು ಡ್ಯೂಟಿ ಇತ್ತು. ಆಂಟಿಯನ್ನು ಹಾಲ್ ಮುಂದೆ ಇಳಿಸಿ ಹೊರಟುಹೋದಳು. ನೀಲಿ ಸ್ವೆಟರ್, ಊರುಗೋಲು, ಗಿಡ್ಡನೆಯ ಬಿಳಿ ಕೂದಲು. ಬಾಗಿಲ ಹತ್ತಿರವೇ ಮಕ್ಕಳು ಸುತ್ತಿಕೊಂಡರು. ಸುಧಾಳ ಮಗನನ್ನು ನೋಡಿ, "ನಿನ್ನನ್ನ ಎಳ್ಕೊಂಡು ಬಂದ್ರಾ, ನೀನೇ ಬಂದ್ಯಾ?" ಎಂದು ಕೇಳಿದರು. ಅವನು, "ಎಳ್ಕೊಂಡು ಬಂದ್ರು," ಎಂದ. ಎಲ್ಲರೂ ನಕ್ಕರು. ಚಹಾದ ಲೋಟ ಹಿಡಿದು ಅವರು ಮುಂದೆ ಬಂದರು.

ನಾಲ್ಕೈದು ಹೆಜ್ಜೆ ಬಂದವರು ಹಾಗೇ ನಿಂತರು.

"ಯಾರು ಮಾಡಿದ್ದು ಇದನ್ನ?"

"ನಾನೇ ಆಂಟಿ," ಎಂದೆ. ಹೆಮ್ಮೆಯಿಂದಲೇ ಎಂದೆ. ಆ ಸ್ವರ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಷ್ಟರಲ್ಲಿ ಮಂಜುನಾಥ್ ಮೇಣದಬತ್ತಿ ಹಚ್ಚಿ ಅವರ ಮುಂದೆ ಹಿಡಿದು, "ದಯವಿಟ್ಟು ತಾವೇ ದೀಪ ಬೆಳಗಬೇಕು," ಎಂದರು.

ಅವರು ಚಹಾವನ್ನು ಹತ್ತಿರದ ಕುರ್ಚಿಯ ಮೇಲಿಟ್ಟರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಬಾಗಿಲವರೆಗೆ ನಡೆದು, ಹೊರಗೆ ಕಾರ್ ಪಾರ್ಕಿನ ಬೆಂಚಿನ ಮೇಲೆ ಕೂತರು. ಅವರ ಊರುಗೋಲು ಒಳಗೇ ಬಿದ್ದಿತ್ತು.

ಆಗ ಫೋಟೋ ಮುಚ್ಚಿದ್ದು ಯಾರು? ನಾನೇ ಅದನ್ನು ಬೋರಲು ಹಾಕಿದೆ ಎಂದು ನನ್ನ ನೆನಪು. ಶಾಲು ಹೊದಿಸಿ ಮುಚ್ಚಿದ್ದು ತಾನು ಎನ್ನುತ್ತಾಳೆ ಸುಧಾ. ಇಬ್ಬರಲ್ಲಿ ಒಬ್ಬರು ತಪ್ಪು. ಬಹುಶಃ ಅದನ್ನು ತಾನೇ ಮಾಡಿದ್ದೆಂದು ನಂಬುವುದು ಇಬ್ಬರಿಗೂ ಬೇಕಾಗಿದೆ.

ಊರುಗೋಲು ಹಿಡಿದು ಹೊರಗೆ ಹೋದವಳು ನಿಧಿ. ಜೂಲಿ ವಾಪಸು ಬರುವವರೆಗೂ ಅವರ ಪಕ್ಕ ಸುಮ್ಮನೆ ಕೂತಿದ್ದಳು. ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಜೂಲಿಯೇ ನನಗೆ ಹೇಳಿದಳು. ಅವರ ಮನೆಯಲ್ಲಿ ಯಾರಾದರೂ ಸತ್ತರೆ ವರ್ಷಗಟ್ಟಲೆ ಅವರ ಹೆಸರು ಹೇಳುವುದಿಲ್ಲ, ಚಿತ್ರ ನೋಡುವುದಿಲ್ಲ. ಸತ್ತವರು ಹೋಗಬೇಕು. ಕರೆದರೆ, ತೋರಿಸಿದರೆ, ಅವರಿಗೂ ಕಷ್ಟ, ಇರುವವರಿಗೂ ಕಷ್ಟ. ಸಾಕು ಎನಿಸಿದಾಗ ಮನೆಯವರೇ ಹೇಳುತ್ತಾರೆ. ಆ ಅಕ್ಕನ ವಿಷಯದಲ್ಲಿ ಇನ್ನೂ ಯಾರೂ ಹೇಳಿರಲಿಲ್ಲ.

ಎರಡು ದಿನ ಬಿಟ್ಟು, ಕ್ಷಮೆ ಕೇಳಲು ನಿಧಿಯನ್ನು ಕರೆದುಕೊಂಡು ಜೂಲಿಯ ಮನೆಗೆ ಹೋದೆ. ಆಂಟಿ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದರು. ನಮಗೂ ಒಂದೊಂದು ಹಿಡಿ ಕಾಯಿ ತಳ್ಳಿದರು. ಬಿಡಿಸುತ್ತಾ ಕೂತೆವು.

"ನಿಮ್ಮಲ್ಲಿ ಯಾರಾದ್ರೂ ಸತ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು.

ಹೇಳಿದೆ. ನಡುಮನೆಯಲ್ಲಿ ಅಪ್ಪನ ಫೋಟೋ ಇದೆ, ಹಾರ ಹಾಕಿದೆ, ಬೆಳಿಗ್ಗೆ ಎದ್ದ ತಕ್ಷಣ ನೋಡುತ್ತೇನೆ ಎಂದೆ.

"ದಿನಾ ನೋಡಿದ್ರೆ ನೋವಾಗಲ್ವಾ?"

"ನೋಡದಿದ್ರೆ ನೋವಾಗುತ್ತೆ ಆಂಟಿ."

ಅವರು ಇನ್ನೊಂದು ಕಾಯಿ ಬಿಡಿಸಿದರು. ಆಮೇಲೆ, "ಅವತ್ತು ಆ ಫೋಟೋ ತೆಗೆದ ಪೇಪರಿನವನೂ ಅವಳನ್ನ ಕೇಳಿರಲಿಲ್ಲ," ಎಂದರು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನಗೆ ಗೊತ್ತಿರಲಿಲ್ಲ ಆಂಟಿ. ಗೊತ್ತಿದ್ರೆ ಖಂಡಿತ ಮಾಡ್ತಿರಲಿಲ್ಲ," ಎಂದೆ.

"ಗೊತ್ತಿರಲಿಲ್ವಾ?"

"ಇಲ್ಲ."

ಅವರು ಒಂದು ಸಲ ನನ್ನನ್ನು ನೋಡಿದರು. ಒಂದು ಸಲ ನಿಧಿಯನ್ನು ನೋಡಿದರು. ಆಮೇಲೆ ನನ್ನ ವೇಳಾಪಟ್ಟಿ ತರಿಸಿಕೊಂಡು ಪೆನ್ನು ಹಿಡಿದರು. ಗೋಡೆಯ ಬಣ್ಣಕ್ಕೆ ಗೀಟು ಬಿತ್ತು. ದ್ವೀಪದ ಸೈಕಲ್ ಸವಾರಿಗೂ ಗೀಟು ಬಿತ್ತು. "ಮೊದಲನೇ ದಿನ ಬರೀ ಕೂತ್ಕೊಳ್ಳಿ. ಕೆಲಸ ಏನಿದೆ ಅಂತ ನಾನ್ ಹೇಳ್ತೀನಿ. ಮಕ್ಕಳನ್ನ ಕರ್ಕೊಂಡ್ ಬಾ."

ಜುಲೈನಲ್ಲಿ ಹೋದೆವು. ಮಕ್ಕಳು ಅಲ್ಲಿ ಮಾಡಿದ ಸೇವೆ ಯಾವ ಪ್ರಮಾಣಪತ್ರದಲ್ಲೂ ಬರೆಯುವಂಥದ್ದಲ್ಲ. ಹಿರಿಯರು ಸೇರುವ ಒಂದು ಮನೆಯಲ್ಲಿ ಕುರ್ಚಿ ಜೋಡಿಸಿದರು, ಲೋಟ ತೊಳೆದರು, ಆಂಟಿ ತೋರಿಸಿದ ಕಡೆ ಮಾತ್ರ ಕಳೆ ಕಿತ್ತರು. ಮೂರನೆಯ ದಿನ ಬೆಳಿಗ್ಗೆ ಸಮುದ್ರದ ದಂಡೆಯ ಆ ಹಳೆಯ ದುಂಡು ಜೈಲಿನ ಮೆಟ್ಟಿಲ ಮೇಲೆ ಅವರ ಸುತ್ತ ಕೂತೆವು. ಬಲಗಡೆ ಬಂದರಿನ ಕ್ರೇನುಗಳು ಕಂಟೇನರ್ ಎತ್ತುತ್ತಿದ್ದವು. ಆಂಟಿ ಕೋಲಿನಿಂದ ದೂರದ ದ್ವೀಪವನ್ನು ತೋರಿಸಿದರು. ದೇಶದ ಈ ಭಾಗದ ಮೂಲೆಮೂಲೆಗಳಿಂದ ತಮ್ಮ ಜನರನ್ನು ಸರಪಳಿ ಹಾಕಿ ತಂದು, ಇಲ್ಲಿಂದ ದೋಣಿಯಲ್ಲಿ ಅಲ್ಲಿನ ಜೈಲಿಗೆ ಸಾಗಿಸುತ್ತಿದ್ದರು ಎಂದರು. ಅಲ್ಲೇ ಸತ್ತು ಹೂಳಲ್ಪಟ್ಟವರ ಮೇಲೆ ಮುಂದೆ ಎಷ್ಟೋ ವರ್ಷ ಜನ ಟೆಂಟ್ ಹಾಕಿ ರಜೆ ಕಳೆದರು ಎಂದರು.

"ಅವರಿಗೆ ಗೊತ್ತಿರಲಿಲ್ವಾ?" ಎಂದು ಸುಧಾಳ ಮಗ ಕೇಳಿದ.

"ಕೆಲವರಿಗೆ ಗೊತ್ತಿತ್ತು," ಎಂದರು ಆಂಟಿ.

ಕೊನೆಯ ದಿನ ಅವರೇ ಕರೆದು ಎಲ್ಲರ ಜೊತೆ ಒಂದು ಫೋಟೋ ತೆಗೆಸಿಕೊಂಡರು. ಅದು ನಾಲ್ಕು ವರ್ಷ ನಮ್ಮ ನಡುಮನೆಯ ಗೋಡೆಯಲ್ಲಿ, ಅಪ್ಪನ ಫೋಟೋದ ಎದುರಿಗಿತ್ತು. ಊಟದ ಮೇಜಿನ ಮುಂದೆ ನಾನು ಕಥೆ ಹೇಳುವಾಗ ಎಲ್ಲರೂ ಅದರ ಕಡೆ ತಿರುಗಿ ನೋಡುತ್ತಿದ್ದರು. ನಮ್ಮ ಪದ್ಧತಿಯೂ ತಪ್ಪಲ್ಲ, ಅವರ ಪದ್ಧತಿಯೂ ತಪ್ಪಲ್ಲ, ಗೊತ್ತಿಲ್ಲದೆ ಆದ ತಪ್ಪು. ಹೀಗೆ ಮುಗಿಯುತ್ತಿತ್ತು ನನ್ನ ಕಥೆ.

2018ರಲ್ಲಿ ಒಂದು ಬೆಳಿಗ್ಗೆ ಜೂಲಿ ಫೋನ್ ಮಾಡಿದಳು. ಆಂಟಿ ಹೋಗಿಬಿಟ್ಟಿದ್ದರು. ಏನು ಮಾಡಬೇಕೆಂದು ಅವಳು ಹೇಳಬೇಕಾಗಿರಲಿಲ್ಲ. ಫೋಟೋ ಇಳಿಸಿ, ಒಂದು ಸೀರೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟೆ. ಆಮೇಲೆ ಬ್ರಿಸ್ಬೇನ್‌ನಲ್ಲಿ ಓದುತ್ತಿದ್ದ ನಿಧಿಗೆ ತಿಳಿಸಿದೆ. ಅವಳು ಅತ್ತಳು. ಸಮಾಧಾನ ಮಾಡಲು ನಾನು ಎಂದಿನ ಮಾತನ್ನೇ ಹೇಳಿದೆ: ನಮಗೆ ಗೊತ್ತಿಲ್ಲದೆ ಅಷ್ಟು ದೊಡ್ಡ ತಪ್ಪಾದರೂ ಎಷ್ಟು ಪ್ರೀತಿ ತೋರಿಸಿದರು ನೋಡು.

ಆಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು. ಅವಳು ಕನ್ನಡದಲ್ಲಿ ಮಾತಾಡುವುದು ಅಪರೂಪ. "ಅಮ್ಮ, ಗೊತ್ತಿತ್ತಲ್ಲಾ."

ಆ ವೆಬ್‌ಸೈಟು ತೆರೆಯುವಾಗ ಮೊದಲು ಒಂದು ಎಚ್ಚರಿಕೆಯ ಪುಟ ಬಂದಿತ್ತಂತೆ. ಮುಂದೆ ಸತ್ತವರ ಹೆಸರು ಮತ್ತು ಚಿತ್ರಗಳಿವೆ, ಇದರಿಂದ ಮೂಲನಿವಾಸಿಗಳಿಗೆ ನೋವಾಗಬಹುದು ಎಂದಿತ್ತಂತೆ. ಪಕ್ಕದಲ್ಲಿ ಕೂತಿದ್ದ ನಿಧಿ ಅದನ್ನು ಗಟ್ಟಿಯಾಗಿ ಓದಿದಳಂತೆ. "ಅದೆಲ್ಲಾ ಎಲ್ಲಾ ಕಡೆ ಹಾಕಿರ್ತಾರೆ, ಕಂಟಿನ್ಯೂ ಒತ್ತು," ಎಂದೆನಂತೆ ನಾನು.

ಅಂತೆ, ಅಂತೆ ಎಂದು ಬರೆಯುತ್ತಿದ್ದೇನೆ. ನನಗೆ ಆ ಪುಟ ನೆನಪಿಲ್ಲ. ಆದರೆ ಆ ಮಾತು ನನ್ನದೇ. ಆ ಧಾಟಿ ಬೇರೆ ಯಾರದೂ ಇರಲು ಸಾಧ್ಯವಿಲ್ಲ.

"ಬಟಾಣಿ ಬಿಡಿಸುವಾಗ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀನೇ ಆಮೇಲೆ ಹೇಳ್ತೀಯ ಅಂದ್ಕೊಂಡೆ," ಎಂದಳು.

ಆಮೇಲೆ ಎಂಬುದು ನಾಲ್ಕು ವರ್ಷ ಇತ್ತು. ಈಗ ಇಲ್ಲ. ಮರುವಾರ ಜೂಲಿಯನ್ನು ಕಂಡು ಎಲ್ಲವನ್ನೂ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. "ಆಂಟಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ ಅಂದ್ರು. ಆದ್ರೆ ಅಮ್ಮ ಹಾಗಂದಾಗ ಆ ಹುಡುಗಿ ತಲೆ ಎತ್ತಲಿಲ್ಲ, ಅದಕ್ಕೇ ಆ ಮಕ್ಕಳು ಬರಲಿ ಅಂದ್ರು."

ಜೂಲಿ ಇದನ್ನು ನಡೆದಂತೆಯೇ ಹೇಳಿದಳೋ, ನನಗಾಗಿ ಸ್ವಲ್ಪ ತಿದ್ದಿ ಹೇಳಿದಳೋ ನಾನರಿಯೆ. ನನ್ನ ಕ್ಷಮಾಪಣೆಯಿಂದ ಆ ಪ್ರವಾಸ ಉಳಿಯಿತು ಎಂದು ನಂಬಿಕೊಂಡಿದ್ದೆ. ಇನ್ನು ನಂಬುವುದಿಲ್ಲ.

ಸೀರೆಯಲ್ಲಿ ಸುತ್ತಿದ ಫೋಟೋ ಇನ್ನೂ ಬೀರುವಿನಲ್ಲಿದೆ. ಒಂದು ವರ್ಷವಾಯಿತು. ಅಪ್ಪನ ಎದುರಿನ ಗೋಡೆಯಲ್ಲಿ ಮೊಳೆ ಹಾಗೇ ಇದೆ, ಬೆಳಿಗ್ಗೆ ಅಪ್ಪನನ್ನು ನೋಡಿ ತಿರುಗಿದಾಗ ಅದು ಕಾಣುತ್ತದೆ. ಇಲ್ಲಿ ಆಂಟಿಯ ಹೆಸರನ್ನಾಗಲಿ, ಅವರ ಅಕ್ಕನ ಹೆಸರನ್ನಾಗಲಿ ನಾನು ಬರೆದಿಲ್ಲ. ಎರಡೂ ನನಗೆ ನೆನಪಿವೆ. ಇದನ್ನು ಬರೆಯಬಹುದೇ ಎಂದು ಮೊದಲು ಜೂಲಿಯನ್ನು ಕೇಳಿದೆ. ಹೂಂ ಎಂದ ಮೇಲೆ ಬರೆಯಲು ಕೂತೆ.